ಹನ್ನೊಂದು ಜೇನುಬಣ್ಣದ ಚಕ್ಕೆಗಳು

ರೊಡೋಪಿ ಬೆಟ್ಟದ ನಮ್ಮೂರಲ್ಲಿ ತ್ಸೋನಾಳ ಅಪ್ಪ ಮಿಂಚೊ, ಕಾಳು ಬಿಡಿಸಲು ಎತ್ತು ಕಟ್ಟಿ ತೆನೆಯ ಮೇಲೆ ಎಳೆಸುವ ಒಕ್ಕಣೆ ಹಲಗೆ ಮಾಡುತ್ತಿದ್ದ. ಹಲಗೆಯಡಿ ಚಕಮಕಿ ಕಲ್ಲಿನ ಚಕ್ಕೆಗಳನ್ನು ಹಲ್ಲಿನಂತೆ ಬಡಿದು ಕೂರಿಸುವ ಕೆಲಸ. ವರ್ಷಕ್ಕೊಮ್ಮೆ ಕಲ್ಲು ತರಲು ಕತ್ತೆ ಹೊಡೆದುಕೊಂಡು ಉತ್ತರಕ್ಕೆ ಹೊರಟನೆಂದರೆ ಎರಡು ತಿಂಗಳು ಪತ್ತೆಯಿಲ್ಲ. ಕಲ್ಲಂತೆ ಕಲ್ಲು! ಅಲ್ಲೊಬ್ಬಳನ್ನು ಇಟ್ಟುಕೊಂಡಿದ್ದಾನೆ, ಬರುವಾಗ ನಮ್ಮೂರ ಹಿಂದಿನ ಹಳ್ಳದ ಕಲ್ಲನ್ನೇ ತುಂಬಿಕೊಂಡು ಬರುತ್ತಾನೆ ಎಂದು ಊರು ಆಡಿಕೊಂಡಿತು. ನಾನೂ ಆಡಿಕೊಂಡವನೇ, ಸುಳ್ಳೇಕೆ ಹೇಳಲಿ? ಅವನ ಹೆಂಡತಿ ಅದನ್ನೇ ನಂಬಿ ಹದಿನಾರು ವರ್ಷ ಗಂಡನ ಜೊತೆ ಮಾತು ಬಿಟ್ಟು, ಹಾಗೇ ಸತ್ತಳು. ತ್ಸೋನಾಳೂ ನಂಬಿದ್ದಳು. ಅಪ್ಪ ಸತ್ತಾಗ ಕಣ್ಣಲ್ಲಿ ಒಂದು ಹನಿ ಬರಲಿಲ್ಲ.

ಎಪ್ಪತ್ತರ ವಯಸ್ಸಿನಲ್ಲಿ ಅವಳು ಊರ ಮೇಲಿನ ಗವಿಯ ಉತ್ಖನನದಲ್ಲಿ ಸಿಕ್ಕಿದ ಕಲ್ಲು ತೊಳೆಯುವ ಕೆಲಸಕ್ಕೆ ಸೇರಿದಳು. ಅಲ್ಲಿ ಅಗೆಸುತ್ತಿದ್ದವಳು ರಾಲಿತ್ಸಾ. ಕಲ್ಲಿನ ಹುಟ್ಟೂರು ಪತ್ತೆಹಚ್ಚಿ, ಆದಿಕಾಲದ ಬೇಟೆಗಾರರು ಎಲ್ಲಿಂದೆಲ್ಲಿಗೆ ಅಲೆದರೆಂದು ತಿಳಿಯುವುದು ಅವಳ ವಿದ್ಯೆ. ಒಂದು ದಿನ ಕುಣಿಯುತ್ತ ಬಂದು, ಗವಿಯಲ್ಲಿ ಸಿಕ್ಕಿದ ಹನ್ನೊಂದು ಜೇನುಬಣ್ಣದ ಚಕ್ಕೆಗಳನ್ನು ತೋರಿಸಿದಳು.

"ಚಿಕ್ಕಮ್ಮಾ, ಪರೀಕ್ಷೆ ಮುಗೀತು! ಈ ಕಲ್ಲು ಉತ್ತರದ ಲುಡೊಗೋರಿಯೆದು. ಹನ್ನೆರಡು ಸಾವಿರ ವರ್ಷದ ಹಿಂದೆ ಅಲ್ಲಿಂದ ಇಲ್ಲೀತನಕ ನಡ್ಕೊಂಡು ಬಂದಿದ್ದಾರೆ!"

"ನಮ್ಮ ಹಳ್ಳದಲ್ಲಿ ಸಿಗಲ್ವೇನೇ?"

"ಹಳ್ಳದ್ದನ್ನೂ ಪರೀಕ್ಷೆ ಮಾಡಿಸಿದೀನಿ. ಅದೇ ಬೇರೆ, ಇದೇ ಬೇರೆ."

ತ್ಸೋನಾ ಬೋಗುಣಿಯಿಂದ ಕೈ ತೆಗೆದು ಒಂದು ಚಕ್ಕೆ ಎತ್ತಿಕೊಂಡಳು. "ಬೇಟೆಗಾರರಲ್ಲ ಮಗಳೇ, ನಮ್ಮಪ್ಪ. ಬಿಸಿಲು ಅಂತ ಈ ಗವಿ ಬಾಯಲ್ಲೇ ಕೂತು ಕಬ್ಬಿಣದ ಸುತ್ತಿಗೇಲಿ ಒಡೀತಿದ್ದ."

ರಾಲಿತ್ಸಾ ಮಸೂರ ಹಿಡಿದು ನೋಡಿದಳು. ಹನ್ನೊಂದಕ್ಕೂ ಪೆಟ್ಟು ಬಿದ್ದ ಕಡೆ ಕಬ್ಬಿಣದ ಗೀರು, ತುಕ್ಕು. ಯಾವುದೋ ನರಿ ಬಿಲ ತೋಡಿ ಮೇಲಿನ ಹೊಸ ಚಕ್ಕೆಗಳನ್ನು ಕೆಳಗಿನ ಹಳೆಯ ಮಣ್ಣಿಗೆ ಇಳಿಸಿತ್ತು.

"ಮೂರು ವರ್ಷದ ಕೆಲಸ ಮಣ್ಣುಪಾಲಾಯ್ತು ಚಿಕ್ಕಮ್ಮಾ," ಎಂದಳು.

"ತಪ್ಪು ತಿಳ್ಕೋಬೇಡ. ನಿನ್ನ ಹೊಟ್ಟೆ ಉರಿಸಿ ನನಗೆ ಖುಷಿಯಾಗ್ತಿದೆ," ಎಂದು ತ್ಸೋನಾ ಗೊಳೋ ಎಂದು ಅತ್ತಳು.

ಹೆಣ್ಣಿರಲಿಲ್ಲವೆಂದು ಕಲ್ಲು ಸಾಕ್ಷಿ ಹೇಳದು, ನಿಜ. ಅವನು ಹೋಗಿದ್ದು ಕಲ್ಲಿಗೇ ಎಂದು ಹೇಳಿತಲ್ಲ, ಅವಳಿಗೆ ಅಷ್ಟು ಸಾಕಾಗಿತ್ತು.

ಶನಿವಾರ, ಸತ್ತವರ ಹೆಸರಲ್ಲಿ ಹಂಚುವ ನಮ್ಮ ಪದ್ಧತಿಯಂತೆ, ಸಕ್ಕರೆ ಹಾಕಿ ಗೋಧಿ ಬೇಯಿಸಿಕೊಂಡು ಸ್ಮಶಾನಕ್ಕೆ ಹೋದಳು. ಮೊದಲು ತಾಯಿಯ ಗೋರಿಗೆ. "ಅಮ್ಮಾ, ಅವನು ಕಲ್ಲಿಗೇ ಹೋಗ್ತಿದ್ದ ಕಣೇ," ಅಂದಳು. ಆಮೇಲೆ ಅಪ್ಪನ ಹತ್ತಿರ ಬಹಳ ಹೊತ್ತು ಕೂತಳು. ಹಿಂತಿರುಗುವಾಗ ನನ್ನ ಬಾಗಿಲಲ್ಲಿ ನಿಂತು ಒಂದು ಚಮಚ ಗೋಧಿ ಚಾಚಿದಳು.

"ತಗೊಳ್ಳಿ ಗಾವ್ರಿಲಣ್ಣ, ನಮ್ಮಪ್ಪನ ಹೆಸರಲ್ಲಿ. ಆ ಬಾಯಿ ಒಂದ್ಸಲ ಸಿಹಿಯಾಗ್ಲಿ."

ಬಾಯಿಗೆ ಹಾಕಿಕೊಂಡೆ. "ಮಿಂಚೊ ಕಲ್ಲಿಗೇ ಹೋಗ್ತಿದ್ದ," ಅಂದೆ.