ಸೋಮವಾರದ ಗುಳಿಗೆ

ಮೊನ್ನೆ ಮೂರ್ನಾಡಿನ ಎಳೆಯ ಡಾಕ್ಟರು ನನ್ನ ರಕ್ತದೊತ್ತಡ ನೋಡಿ, ಚೀಟಿ ಬರೆಯುವ ಮೊದಲು, "ಅಜ್ಜಾ, ಬೇರೆ ಮದ್ದು ಏನಾದರೂ ತಗೊಳ್ತಾ ಇದ್ದೀರಾ?" ಎಂದು ಕೇಳಿದರು. ಸಾದಾ ಪ್ರಶ್ನೆ. ಆದರೂ ಉತ್ತರಿಸುವ ಮೊದಲು ಮನಸ್ಸಿನಲ್ಲೇ ಒಂದೊಂದಾಗಿ ಲೆಕ್ಕ ಹಾಕತೊಡಗಿದೆ. ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ನನ್ನ ಹೆಂಡತಿ ದೇವಕಿ ಸೆರಗಿನ ಮರೆಯಲ್ಲಿ ನಕ್ಕಳು. ಇದೇ ಪ್ರಶ್ನೆಗೆ ಒಮ್ಮೆ ನಾನು ಕೊಟ್ಟ ಉತ್ತರದಿಂದ ಅವಳು ಸಾಯುವುದರಲ್ಲಿದ್ದಳು.

ಆಗ ನಾನು ಬಿಳಿ ದೊರೆಯೊಬ್ಬರ ಕಾಫಿ ತೋಟದಲ್ಲಿ ರೈಟರ್. ರೈಟರ್ ಎಂದರೆ ಪುಸ್ತಕ ಬರೆಯುವವನಲ್ಲ, ಆಳುಗಳ ಹಾಜರಿ ಬರೆಯುವವನು. ನನ್ನ ಪಾಲಿನ ಇನ್ನೊಂದು ಘನಕಾರ್ಯ ಕ್ವಿನೈನ್ ಗುಳಿಗೆ ಹಂಚುವುದು. ಮಲೇರಿಯಾ ಆಗ ನಮ್ಮ ಸೀಮೆಯ ಕಾಯಂ ನಿವಾಸಿ. ಸೋಮವಾರ, ಗುರುವಾರ ಬೆಳಗ್ಗೆ ಲೈನಿನ, ಎಂದರೆ ಸಾಲುಮನೆಗಳ, ಆಳುಗಳೆಲ್ಲ ಸಾಲು ನಿಲ್ಲಬೇಕು. ನಾನು ಡಬ್ಬಿ ಹಿಡಿದು, ಸಾಕ್ಷಾತ್ ಚಕ್ರವರ್ತಿಗಳೇ ಕಳಿಸಿದರೆಂಬ ಗಾಂಭೀರ್ಯದಿಂದ, "ನುಂಗು. ಬಾಯಿ ತೆರೆ. ನಾಲಿಗೆ ಎತ್ತು" ಎನ್ನುತ್ತ ಸಾಗಬೇಕು. ಎಲ್ಲರೂ ಎತ್ತುತ್ತಿದ್ದರು. ಗುಳಿಗೆ ಮಾತ್ರ ಕೆನ್ನೆಯ ಸಂದಿಯಲ್ಲಿ ಕೂತಿದ್ದು, ನಾನು ಬೆನ್ನು ತಿರುಗಿಸಿದೊಡನೆ ಕಾಫಿ ಗಿಡದ ಬುಡ ಸೇರುತ್ತಿತ್ತು. ಆ ತೋಟದ ಗಿಡಗಳಿಗೆ ಮಲೇರಿಯಾ ಬಂದದ್ದನ್ನು ನಾನು ಕಾಣೆ.

ಪ್ರಾಮಾಣಿಕವಾಗಿ ನುಂಗುತ್ತಿದ್ದವಳು ದೇವಕಿ ಒಬ್ಬಳೇ. ಮದುವೆಯಾಗಿ ಬಂದ ವಾರದಿಂದಲೇ ಅವಳನ್ನೂ ಅಡುಗೆಮನೆಯಲ್ಲಿ ಸಾಲು ನಿಲ್ಲಿಸಿದ್ದೆ, ಒಬ್ಬಳದೇ ಸಾಲು.

ಎರಡನೆಯ ವರ್ಷ ಅವಳ ಕಾಲಿನ ಮೇಲೆ ಕೆಂಪು ಚುಕ್ಕೆಗಳೆದ್ದವು, ಯಾರೋ ರಾಗಿ ಎರಚಿದ ಹಾಗೆ. ಒಸಡಿನಲ್ಲಿ ರಕ್ತ. ಬಳೆ ತಗುಲಿದಲ್ಲೆಲ್ಲ ಕೈ ನೀಲಿ. ಸುಸ್ತು ಎಂದಳು. ಜ್ವರ ಹೊಂಚು ಹಾಕುತ್ತಿದೆ ಎಂದು ತೀರ್ಮಾನಿಸಿದ ನಾನು, ವಾರಕ್ಕೆರಡು ಗುಳಿಗೆಯನ್ನು ದಿನಕ್ಕೊಂದು ಮಾಡಿದೆ. ಮೂಗಿನಿಂದಲೂ ರಕ್ತ ಶುರುವಾಗಿ ನಿಲ್ಲದೇ ಹೋದಾಗ, ಬಸ್ಸಿನಲ್ಲಿ ಗಡಿಯ ಫ್ರೇಸರ್‌ಪೇಟೆಯ ಸೇತುವೆ ದಾಟಿಸಿ ಮೈಸೂರಿಗೆ ಕರೆದೊಯ್ದೆ. ಡಬ್ಬಿ ನನ್ನ ಕೋಟಿನ ಜೇಬಿನಲ್ಲೇ ಇತ್ತು.

"ಏನಾದರೂ ಔಷಧಿ ಕೊಡ್ತಿದ್ದೀರೇನ್ರೀ?" ಎಂದರು ಆಸ್ಪತ್ರೆಯ ಡಾಕ್ಟರು.

"ಏನೂ ಇಲ್ಲ ಸ್ವಾಮಿ."

ಸುಳ್ಳಲ್ಲ, ನಂಬಿ. ಆ ಕಾಲದ ಕೊಡಗಿನಲ್ಲಿ ಕ್ವಿನೈನನ್ನು ಯಾರು ಮದ್ದೆನ್ನುತ್ತಿದ್ದರು? ಉಪ್ಪು, ಕಾಫಿಪುಡಿಯ ಜೊತೆ ಅದೂ ಒಂದು ಮನೆಸಾಮಾನು.

"ಎದೆಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆದು ನೋಡಬೇಕು," ಎಂದರು ಅವರು. "ರಕ್ತ ತಯಾರಾಗೋದು ಅಲ್ಲಿ. ಅದೇ ಬತ್ತಿದ್ದರೆ ನನ್ನ ಕೈಲಿ ಏನೂ ಇಲ್ಲ. ಬತ್ತಿಲ್ಲ ಅಂದ್ರೆ, ತಯಾರಾದದ್ದು ಹೊರಗೆಲ್ಲೋ ಹಾಳಾಗ್ತಿದೆ ಅಂತ. ಆಗ ಕಾರಣ ಹುಡುಕಬಹುದು."

ಮೂಟೆಗೆ ಕೊಳವೆ ಚುಚ್ಚಿ ಕಾಫಿಬೀಜದ ಮಾದರಿ ತೆಗೆಯುವುದನ್ನು ನೂರು ಸಲ ನೋಡಿದವನು ನಾನು. ದೇವಕಿಯ ಎದೆಗೆ ಆ ದಪ್ಪ ಸೂಜಿ ಇಳಿಯುವಾಗ ಮಾತ್ರ ಗೋಡೆಯ ಕಡೆ ತಿರುಗಿ ನಿಂತೆ. ಒಳಗಿನದನ್ನು ಎಳೆಯುವಾಗ ಅವಳು ಒಮ್ಮೆ "ಅಮ್ಮಾ" ಎಂದಳು.

ಫಲಿತಾಂಶಕ್ಕೆ ಮಾರನೆಯ ದಿನದವರೆಗೆ ಕಾಯಬೇಕಿತ್ತು. ಆ ಸಂಜೆಯೂ ಗಂಡನ ಕರ್ತವ್ಯವೆಂದು ಗುಳಿಗೆ ಕೊಟ್ಟೆ. ರಕ್ತ ಅಂಟಿದ ತುಟಿ ತೆರೆದು, ನಾಲಿಗೆ ಎತ್ತಿ ತೋರಿಸಿದಳು.

ಬೆಳಗ್ಗೆ ಡಾಕ್ಟರು ಬಿರಬಿರನೆ ಬಂದರು. "ಮಜ್ಜೆ ಚೆನ್ನಾಗಿದೆ ಕಣ್ರೀ! ರಕ್ತ ಹೆಪ್ಪುಗಟ್ಟಿಸೋ ಕಣಗಳಿಗೆ ಜನ್ಮ ಕೊಡೋ ತಾಯಿಕಣಗಳು ಬೇಕಾದಷ್ಟಿವೆ. ಈಗ ಹೇಳಿ, ಈಕೆ ಬಾಯಿಗೆ ಏನೇನು ಹೋಗುತ್ತೆ? ಒಂದೂ ಬಿಡಬೇಡಿ."

ಅಕ್ಕಿರೊಟ್ಟಿಯಿಂದ ಶುರು ಮಾಡಿದೆ. ಬಿದಿರ ಕಣಿಲೆಯ ಪಲ್ಯದವರೆಗೆ ಬಂದಾಗ ಮಂಚದಿಂದ ಮೆಲ್ಲನೆಯ ದನಿ: "ಇವರ ಜೇಬು ನೋಡಿ ಡಾಕ್ಟ್ರೇ."

ಡಬ್ಬಿ ಮೇಜಿಗೆ ಬಂತು. ಡಾಕ್ಟರು ಅದನ್ನು ನೋಡಿದರು, ನನ್ನನ್ನು ನೋಡಿದರು. "ಎಲ್ಲೋ ಅಪರೂಪಕ್ಕೆ ಒಬ್ಬರ ರಕ್ತ, ಇದು ಒಳಗೆ ಹೋದ್ರೆ, ತನ್ನ ಕಣಗಳನ್ನೇ ಶತ್ರು ಅಂದುಕೊಂಡು ಕೊಲ್ಲುತ್ತೆ. ಇನ್ನು ಒಂದು ಚೂರೂ ಕೊಡಬೇಡಿ." ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ಕೆಲವೇ ದಿನಗಳಲ್ಲಿ ರಕ್ತ ನಿಂತಿತು, ಚುಕ್ಕೆಗಳು ಮಾಸಿದವು. ಮನೆಗೆ ಸೊಳ್ಳೆಪರದೆ ಬಂತು. ತೋಟದ ಸಾಲಿನೆದುರು ನಿಂತಾಗ "ನಾಲಿಗೆ ಎತ್ತು" ಎನ್ನುವುದನ್ನು ಬಿಟ್ಟೆ. ಬದಲಿಗೆ "ಹೋದ ವಾರದ್ದು ಮೈಗೆ ಒಗ್ಗಿತಾ?" ಎಂದು ಕೇಳತೊಡಗಿದೆ. ಎಲ್ಲರೂ "ಒಗ್ಗಿತು ರೈಟರಯ್ಯಾ" ಎಂದರು. ಒಗ್ಗದಿರಲು ನುಂಗಿದ್ದರೆ ತಾನೇ!

ಮೂರ್ನಾಡಿನ ಎಳೆಯ ಡಾಕ್ಟರು ಇನ್ನೂ ಪೆನ್ನು ಹಿಡಿದು ಕಾಯುತ್ತಿದ್ದರು. ಹೇಳಿದೆ: ಬೆಳಗ್ಗೆ ಕರಿಮೆಣಸಿನ ಕಷಾಯ, ಒಂದು ಚಮಚ ಜೇನು, ಮಂಡಿಗೆ ತಿಕ್ಕುವ ಎಣ್ಣೆ, ಸಂಜೆ ಒಂದು ಔನ್ಸ್ ಬ್ರಾಂದಿ.

"ಬ್ರಾಂದಿ ಮದ್ದಲ್ಲ ಅಜ್ಜಾ."

"ಅದನ್ನ ನೀವು ತೀರ್ಮಾನಿಸಿ. ನನ್ನ ಕೆಲಸ ಹೇಳೋದಷ್ಟೇ."

"ಇಷ್ಟೇನಾ?"

"ಇಷ್ಟೇ."

"ಒಂದ್ಸಲ ನಾಲಿಗೆ ಎತ್ತಿಸಿ ನೋಡಿ ಡಾಕ್ಟ್ರೇ," ಎಂದಳು ದೇವಕಿ.

ಎತ್ತಿದೆ.