ನಲವತ್ತನಾಲ್ಕು ಜನರ ಕ್ಷೇಮ ಸಮಾಚಾರ

ಮಿದುಳಿನ ಗಡ್ಡೆಯ ಚಿಕಿತ್ಸೆ ನಮ್ಮ ದೇಶದಲ್ಲಿ ಇನ್ನೂ ಎಳೆಯ ಶಾಸ್ತ್ರ. ಅದರ ಚರಿತ್ರೆಯನ್ನು ಮುಂದೆ ಯಾರಾದರೂ ಬರೆದರೆ, ತಲೆಬುರುಡೆಯನ್ನು ತೆರೆದ ಶಸ್ತ್ರವೈದ್ಯರೂ, ಗಡ್ಡೆಯ ಚೂರನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಅದರ ಜಾತಿಯನ್ನು ನಿರ್ಣಯಿಸಿದವರೂ ತಮಗೆ ಸಲ್ಲುವ ಸ್ಥಾನಗಳನ್ನು ಪಡೆಯುವರು. ಆದರೆ ಆಸ್ಪತ್ರೆಯ ಮೆಟ್ಟಿಲಿಳಿದು ಹೋದ ರೋಗಿ ಆಮೇಲೆ ಏನಾದನೆಂಬ ಪ್ರಶ್ನೆಯೂ ಆ ಶಾಸ್ತ್ರದ ಒಂದು ಅಂಗವೇ. ಮುಂಬಯಿಯಲ್ಲಿ ಆ ಅಂಗವನ್ನು ಒಬ್ಬಂಟಿಯಾಗಿ ಹೊತ್ತವರು, ಈ ಮಾರ್ಚ್ ಮೂವತ್ತೊಂದರಂದು ಮೂವತ್ತೆರಡು ವರ್ಷಗಳ ಸೇವೆಯಿಂದ ನಿವೃತ್ತರಾಗುತ್ತಿರುವ ದಾಖಲೆ ಗುಮಾಸ್ತ ಶ್ರೀ ನೀಲಕಂಠಪ್ಪ ಹಂಜಗಿಯವರು. ಅವರ ಗೌರವಾರ್ಥವಾದ ಈ ಸಂಪುಟದಲ್ಲಿ ಅವರ ಯಶಸ್ಸನ್ನು ಮಾತ್ರ ಬರೆದರೆ ಅದು ಅವರಿಗೆ ಒಪ್ಪಿಗೆಯಾಗದು. ತಪ್ಪಿದ ಲೆಕ್ಕವನ್ನೂ ಬರೆಯಬೇಕೆಂದು ಅವರೇ ಸೂಚಿಸಿದ್ದಾರೆ.

ವಿಜಾಪುರ ಜಿಲ್ಲೆಯಿಂದ ಬಂದು ೧೯೨೭ರಲ್ಲಿ ಮುಂಬಯಿಯ ಪರಳಿನ ಒಂದು ಆಸ್ಪತ್ರೆಯನ್ನು ಸೇರಿದಾಗ ನೀಲಕಂಠಪ್ಪನವರಿಗೆ ಇಪ್ಪತ್ತಮೂರು ವರ್ಷ. ರೋಗಿಯ ಹೆಸರು, ವಯಸ್ಸು, ಕಾಯಿಲೆ ಇಷ್ಟನ್ನು ಬರೆದರೆ ಸಾಕೆಂದು ಅವರಿಗೆ ಹೇಳಲಾಗಿತ್ತು. ಅವರು ಚಾಳಿನ ಹೆಸರು, ಎಷ್ಟನೆಯ ಮಾಳಿಗೆ, ಕೆಳಗಿನ ಅಂಗಡಿ ಯಾರದು ಎಂಬುದನ್ನೂ ಬರೆದುಕೊಳ್ಳುತ್ತಿದ್ದರು. ದೃಷ್ಟಿ ಹೋಗುತ್ತಿರುವವರನ್ನು ಸಂಜೆ ತಾವೇ ಕೈಹಿಡಿದು ಸ್ಟೇಷನ್ನಿನವರೆಗೆ ಮುಟ್ಟಿಸುತ್ತಿದ್ದರು.

೧೯೫೧ರ ಒಂದು ಪ್ರಸಂಗವನ್ನು ಅವರ ಸಹೋದ್ಯೋಗಿಗಳು ಇಂದಿಗೂ ನೆನೆಯುತ್ತಾರೆ. ಮಾಟುಂಗಾದ ಹೋಟೆಲೊಂದರಲ್ಲಿ ಬಡಿಸುವ ಕೆಲಸದಲ್ಲಿದ್ದ ಉಡುಪಿ ಕಡೆಯ ಕಾಂತಪ್ಪನೆಂಬವನನ್ನು ಕುಡುಕನೆಂದು ಕೆಲಸದಿಂದ ತೆಗೆದಿದ್ದರು. ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ಅವನಿಗೆ ಎಡಬದಿಯ ನೋಟವೇ ಇಲ್ಲವೆಂದೂ ಅದಕ್ಕೆ ಗಡ್ಡೆ ಕಾರಣವೆಂದೂ ತಿಳಿಯಿತು. ನೀಲಕಂಠಪ್ಪನವರು ನೇರವಾಗಿ ಹೋಟೆಲಿಗೆ ಹೋದರು.

"ಕುಡಿದು ಬರ್ತಾನೆ ಮಾರಾಯ್ರೆ," ಎಂದರು ಮಾಲಿಕರು. "ಸಾಂಬಾರು ಬಟ್ಟಲಿಗೆ ಹಾಕುವ ಬದಲು ಗಿರಾಕಿಯ ತೊಡೆಗೆ ಹಾಕ್ತಾನೆ."

"ಯಾವ ಬದಿ ಕುಂತ ಗಿರಾಕಿಗ್ರಿ?"

ಮಾಲಿಕರು ಯೋಚಿಸಿದರು. "ಎಡಬದಿಯವರಿಗೇ. ಬಲಬದಿಗೆ ಸರಿಯಾಗಿ ಬಡಿಸ್ತಾನೆ ನೋಡಿ."

"ಕುಡದವ್ಗ ಒಂದ ಬದಿ ಅಷ್ಟ ನಿಶೆ ಏರ್ತದೇನ್ರಿ ಶೆಟ್ರ?"

ಕಾಂತಪ್ಪನಿಗೆ ಕುಳಿತು ಮಾಡುವ ಕೆಲಸ ಸಿಕ್ಕಿತು. ಅವನು ಆಮೇಲೆ ಬದುಕಿದ್ದು ಹನ್ನೊಂದು ತಿಂಗಳು. ಅಷ್ಟು ದಿನವೂ ಮಾಲಿಕರು ಅವನ ಊಟ ವಸತಿಗಳನ್ನು ತಪ್ಪಿಸಲಿಲ್ಲ.

ನಗರದ ನಾಲ್ಕು ಆಸ್ಪತ್ರೆಗಳ ವೈದ್ಯರು ಕೂಡಿ ಮಿದುಳು ಗಡ್ಡೆ ಚಿಕಿತ್ಸಾ ಮಂಡಲವನ್ನು ಸ್ಥಾಪಿಸಿದ್ದು ೧೯೫೬ರ ಕೊನೆಯಲ್ಲಿ. ಮರುವರ್ಷವನ್ನು ಮಂಡಲದ ವರದಿ 'ಬೆಳವಣಿಗೆ ಮತ್ತು ಸಹಕಾರದ ವರ್ಷ' ಎಂದು ಕರೆದಿದೆ, ಅದು ಉತ್ಪ್ರೇಕ್ಷೆಯಲ್ಲ. ಅದುವರೆಗೆ ಒಬ್ಬರ ರೋಗಿಯನ್ನು ಮತ್ತೊಬ್ಬರಿಗೆ ತೋರಿಸಲು ಹಿಂಜರಿಯುತ್ತಿದ್ದವರು ಪ್ರತಿ ಶನಿವಾರ ಒಂದೇ ಮೇಜಿನ ಸುತ್ತ ಕುಳಿತರು. ಒಂದು ಆಸ್ಪತ್ರೆಯ ಕ್ಷ-ಕಿರಣ ಯಂತ್ರ ನಾಲ್ಕಕ್ಕೂ ಒದಗಿತು. ಕಾರವಾರ ಮೂಲದ ಡಾಕ್ಟರ್ ವಿನೋದಿನಿ ಸಂಝಗಿರಿಯವರು ಕಾರ್ಯದರ್ಶಿಯಾಗಿ ಎಲ್ಲ ರೋಗಿಗಳಿಗೂ ಒಂದೇ ದಾಖಲೆಪುಸ್ತಕವನ್ನು ಏರ್ಪಡಿಸಿ, ಅದನ್ನು ನೀಲಕಂಠಪ್ಪನವರಿಗೆ ಒಪ್ಪಿಸಿದರು.

ಮನೆಗೆ ಹೋದ ಮೂರು ತಿಂಗಳಿಗೆ ಪ್ರತಿಯೊಬ್ಬ ರೋಗಿಗೂ, ಉತ್ತರ ಬರೆದು ಕಳಿಸಲು ಅರ್ಧ ಬಿಟ್ಟ ಒಂದು ಜವಾಬಿ ಕಾರ್ಡು ಹೋಗಬೇಕೆಂದು ಗೊತ್ತಾಯಿತು. ಮರಳಿ ಬರುವ ಅರ್ಧದ ಮೇಲೆ ಯಾವ ಆಸ್ಪತ್ರೆಯ ವಿಳಾಸವನ್ನು ಛಾಪಿಸಬೇಕೆಂಬ ವಿಷಯದಲ್ಲಿ ಮಾತ್ರ ನಾಲ್ಕು ಆಸ್ಪತ್ರೆಗಳೂ ಎರಡು ಶನಿವಾರ ಜಗ್ಗಾಡಿದವು. ಕೊನೆಗೆ ಯಾರದೂ ಅಲ್ಲದ ವಿಳಾಸವೆಂದು ಸಯನ್ನಿನ ಚಾಳಿನಲ್ಲಿದ್ದ ನೀಲಕಂಠಪ್ಪನವರ ಖೋಲಿಯೇ ಮಂಡಲದ ವಿಳಾಸವಾಯಿತು. ಕಾರ್ಡಿನ ಕನ್ನಡ ಒಕ್ಕಣೆ ಅವರದೇ. ತಲೆನೋವು ಹೇಗಿದೆ, ನೋಟ ಹೇಗಿದೆ, ಮೂರ್ಛೆ ಬರುವುದುಂಟೆ, ಕೆಲಸಕ್ಕೆ ಹೋಗುತ್ತಾರೆಯೆ ಎಂಬ ನಾಲ್ಕು ಪ್ರಶ್ನೆಗಳು. ಐದನೆಯದೊಂದನ್ನು ಅವರು ಬೇಕೆಂದೇ ಬಿಟ್ಟರು. ಬದುಕಿರುವವನ ಕೈಗೆ ಹೋಗುವ ಕಾರ್ಡಿನಲ್ಲಿ ಸಾವಿನ ಶಬ್ದ ಇರಬಾರದೆಂಬುದು ಅವರ ದಾಕ್ಷಿಣ್ಯವಾಗಿತ್ತು. ಉತ್ತರ ಬಾರದವರ ವಿಷಯದಲ್ಲಿ ಮಂಡಲದ ಸಮಿತಿ ಒಂದು ನಿಯಮ ಮಾಡಿತು: ಕೆಟ್ಟ ಸುದ್ದಿ ಬಾರದಿದ್ದರೆ ರೋಗಿ ಕ್ಷೇಮವೆಂದು ಎಣಿಸತಕ್ಕದ್ದು. ಮೊದಲ ಅರ್ಧವರ್ಷದ ಲೆಕ್ಕ ಹೀಗೆ ಸಿದ್ಧವಾಯಿತು. ಐವರಲ್ಲಿ ನಾಲ್ವರು ಬದುಕಿದ್ದರು.

ಆಗಸ್ಟ್ ತಿಂಗಳಲ್ಲಿ ಅವರ ಊರ ಕಡೆಯ ಗಂಗುಬಾಯಿ ತನ್ನ ತಮ್ಮನನ್ನು ಕರೆದುಕೊಂಡು ಬಂದಳು. ಮೂವತ್ತೊಂದು ವರ್ಷದ ಗದಿಗೆಪ್ಪ ವಿಕ್ರೋಳಿಯ ಕಾರಖಾನೆಯಲ್ಲಿ ಫಿಟ್ಟರ್. ತಾಯಿಯಿಲ್ಲದ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಡಾಕ್ಟರರು ಹೇಳಬೇಕಾದುದನ್ನೆಲ್ಲ ಹೇಳಿದ ಮೇಲೂ ಅವಳು ದಾಖಲೆಯ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಅವರ ಇಂಗ್ಲಿಷು ನನಗ ತಿಳೀಲಿಲ್ಲ, ಅಣ್ಣಾರ. ನೀವು ಹೇಳ್ರಿ. ತಲಿ ಕೊಯ್ಸಲೋ ಬ್ಯಾಡೋ?"

ನೀಲಕಂಠಪ್ಪನವರು ಎಂದೂ ತಮ್ಮ ಅಭಿಪ್ರಾಯವನ್ನು ಹೇಳಿದವರಲ್ಲ. ಅಂದೂ ಅಭಿಪ್ರಾಯ ಹೇಳಲಿಲ್ಲ, ಅಂಕಿಯನ್ನು ಹೇಳಿದರು. "ಐದು ಮಂದ್ಯಾಗ ನಾಕು ಮಂದಿ ಉಳದಾರವ್ವಾ."

"ಹಂಗಾದ್ರ ಉಳೀತಾನ ಬಿಡ್ರಿ," ಎಂದು ಅವಳು ಹೆಬ್ಬೆಟ್ಟು ಒತ್ತಿದಳು. ಗದಿಗೆಪ್ಪ ಪಕ್ಕದಲ್ಲಿ ನಿಂತು ನಕ್ಕ. "ಐದನೇದಾಂವ ನಾನಾಗಬಾರ್ದು ಅಷ್ಟ."

ಇಪ್ಪತ್ತೆರಡನೆಯ ದಿನ ಅವನು ತನ್ನ ಕಾಲಿನ ಮೇಲೆ ನಡೆದು ಅಕ್ಕನೊಡನೆ ಊರಿಗೆ ಹೋದ. ಡಿಸೆಂಬರಿನಲ್ಲಿ ಕಾರ್ಡು ಹೋಯಿತು. ಉತ್ತರ ಬರಲಿಲ್ಲ. ನಿಯಮದಂತೆ ಅವನು ಕ್ಷೇಮ.

೧೯೫೮ರ ಫೆಬ್ರವರಿ ಒಂದರಂದು ವಾರ್ಷಿಕ ಸಭೆ ನಡೆಯಿತು. ವರ್ಷದಲ್ಲಿ ಶಸ್ತ್ರಚಿಕಿತ್ಸೆಯಾದವರು ನಲವತ್ತನಾಲ್ಕು. ಆಸ್ಪತ್ರೆಯಲ್ಲೇ ತೀರಿಕೊಂಡವರು ಒಂಬತ್ತು. ಮನೆಗೆ ಹೋದವರು ಮೂವತ್ತೈದು. ಅವರಲ್ಲಿ ಹದಿನಾಲ್ಕು ಜನ ಚೆನ್ನಾಗಿದ್ದೇವೆಂದು ಬರೆದಿದ್ದರು. ಇಪ್ಪತ್ತೊಂದು ಜನ ಬರೆದಿರಲಿಲ್ಲ. ಮೂವತ್ತೈದೂ ಜನ ಕ್ಷೇಮವೆಂದು ಕಾರ್ಯದರ್ಶಿಗಳು ಓದಿದಾಗ ಸಭೆ ದೀರ್ಘವಾಗಿ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನೀಲಕಂಠಪ್ಪನವರನ್ನು ಎಬ್ಬಿಸಿ ನಿಲ್ಲಿಸಿದರು. ಮೂವತ್ತೊಂದು ವರ್ಷದಲ್ಲಿ ಅವರಿಗೆ ಬಿದ್ದ ಮೊದಲ ಚಪ್ಪಾಳೆ ಅದು.

ಎರಡು ವಾರಗಳ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಗಂಗುಬಾಯಿ ಸಯನ್ನಿನ ಖೋಲಿಗೆ ಬಂದಳು. ತಮ್ಮನ ಕಾರಖಾನೆಗೆ ಕೊಡಬೇಕಾದ ಮರಣದಾಖಲೆಗೆ ಆಸ್ಪತ್ರೆಯ ಒಂದು ಕಾಗದ ಬೇಕಾಗಿತ್ತು. 

"ಯಾವಾಗ?" ಎಂದರು ನೀಲಕಂಠಪ್ಪನವರು.

"ದೀಪಾವಳಿ ಆದ ಮ್ಯಾಲ, ಗೌರಿ ಹುಣ್ಣಿವಿ ಮುಂದ. ಯಾಕ ಅಣ್ಣಾರ, ನಿಮ್ಮ ಕಾರ್ಡು ಬಂದಕೂಡ್ಲೆ ತಿರುಗಿ ಕಳಿಸಿದ್ದೆನಲ್ಲ? ಏನು ಬರಸಲಿ ಅದರಾಗ? ತಲಿನೋವು ಹ್ಯಾಂಗದ ಅಂತ ಕೇಳಿದ್ರಿ. ಮೂಲಿ ಹರದು ಹಾಕಿದೆ. ಮುಟ್ಟಲಿಲ್ಲೇನು?"

ಒಳಗೆ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ಅವರ ಪತ್ನಿ ರಾಚವ್ವನವರು ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಅವರಿಗೆ ಓದು ಬರಹ ಬಾರದು. ಹಗಲು ಟಪಾಲು ತೆಗೆದುಕೊಳ್ಳುತ್ತಿದ್ದವರು ಅವರೇ.

"ಮೂಲಿ ಹರದ ಸಾವಿನ ಕಾಗದ ಹೊಸ್ತಿಲ ಒಳಗ ತರ್ತಾರೇನ್ರಿ?" ಎಂದರು, ಗಂಡನಿಗೆ. "ನಮ್ಮ ಮಂದೀದೇನ ನೋಡಪಾ ಅಂತ ಟಪಾಲಿನವನ್ನ ಕೇಳತಿದ್ದೆ. ಅಲ್ಲ ಬಾಯಿ, ಛಾಪಿಸಿದ ಕಾರ್ಡು ಅಂತಿದ್ದ. ಹೊರಗ ಹರದು, ಗಟಾರಕ್ಕ ಹಾಕಿ, ಕಾಲು ತೊಳಕೊಂಡು ಬರ್ತಿದ್ದೆ."

"ನನಗ ಯಾಕ ಹೇಳಲಿಲ್ಲ?"

"ದಣದು ಬರ್ತೀರಿ. ಯಾರದೋ ಸಾವು, ಉಣ್ಣೂ ಹೊತ್ತಿನ್ಯಾಗ ಯಾಕ ಹೇಳಲಿ?"

"ಎಷ್ಟ ಬಂದಿದ್ವು?"

ರಾಚವ್ವನವರು ಕೈಯ ಹಿಟ್ಟನ್ನು ನೋಡಿಕೊಂಡರು. "ಎಣಿಸಿಲ್ರಿ. ಭಾಳ ಬಂದಿದ್ವು."

ಅವರನ್ನು ದೂರುವಂತಿರಲಿಲ್ಲ. ತಮ್ಮ ತಂದೆ ತೀರಿಕೊಂಡಾಗ ನೀಲಕಂಠಪ್ಪನವರೂ ಬಂಧುಗಳಿಗೆ ಮೂಲೆ ಹರಿದೇ ಕಾಗದ ಬರೆದಿದ್ದರು. ಓದಿದವರೆಲ್ಲ ಅದನ್ನು ಹೊರಗೇ ಹರಿದಿದ್ದರು. ಸಾವನ್ನು ಬರೆಯಲು ಜಾಗವಿಲ್ಲದ ಕಾರ್ಡನ್ನು ಮಾಡಿದವರು ತಾವು. ಆ ಕಾರ್ಡು ಮನೆಯ ಬಾಗಿಲಿಗೆ ಬರುವಂತೆ ಒಪ್ಪಿಕೊಂಡವರೂ ತಾವೇ. ಐವರಲ್ಲಿ ನಾಲ್ವರು ಎಂದು ತಮ್ಮ ಬಾಯಿಂದ ಕೇಳಿ ಹೆಬ್ಬೆಟ್ಟು ಒತ್ತಿದವಳು ಎದುರಿಗೆ ಕುಳಿತಿದ್ದಳು. ಅವರು ಅವಳಿಗೆ ಎಲ್ಲವನ್ನೂ, ಒಂದನ್ನೂ ಬಿಡದೆ, ಹೇಳಿದರು.

ಗಂಗುಬಾಯಿ ಅಳಲಿಲ್ಲ, ಬೈಯಲಿಲ್ಲ. ಒಂದೇ ಮಾತು ಕೇಳಿದಳು. "ಖರೇ ಲೆಕ್ಕ ಗೊತ್ತಿದ್ರ, ಕೊಯ್ಸವ್ವಾ ಅಂತಿದ್ರೇನು, ಬ್ಯಾಡ ಅಂತಿದ್ರೇನು?"

ಅವರಿಗೆ ಉತ್ತರ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದರು.

ಗದಿಗೆಪ್ಪನನ್ನು ಬಿಟ್ಟು ಉಳಿದ ಇಪ್ಪತ್ತರಲ್ಲಿ ಹನ್ನೊಂದು ಜನ ಮುಂಬಯಿ ಮತ್ತು ಉಪನಗರಗಳವರು. ಮುಂದಿನ ಆರು ಭಾನುವಾರ ನೀಲಕಂಠಪ್ಪನವರು ಲೋಕಲ್ ಹಿಡಿದು ಅವರ ಮನೆಗಳನ್ನು ಹುಡುಕಿದರು. "ನಾನೂ ಬರ್ತೀನಿ. ಹರದಾಕಿ ನಾನು," ಎಂದು ರಾಚವ್ವನವರು ಪ್ರತಿ ಸಲವೂ ಜೊತೆಗೆ ಹೊರಟರು. ಜೋಗೇಶ್ವರಿಯಲ್ಲಿ ಅಕ್ಕು ಎಂಬ ಉಡುಪಿ ಕಡೆಯ ಮುದುಕಿ, ಮಗನನ್ನು ಕಳೆದುಕೊಂಡವಳು, ಬಾಗಿಲಲ್ಲಿ ನಿಂತವರನ್ನು ಒಳಗೆ ಕರೆಯಲಿಲ್ಲ.

"ಒಂದು ಸಲ ಕಾರ್ಡು ಕಳಿಸಿಯಾಯ್ತು. ಆಮೇಲೆ ನೆನಪಿನ ಓಲೆ ಅಂತ ನೀವು ಮತ್ತೊಂದು ಕಳಿಸಿದಿರಿ, ಕೆಲಸಕ್ಕೆ ಹೋಗ್ತಾನಾ ಅಂತ ಕೇಳಿ. ಅದನ್ನೂ ಕಳಿಸಿದೆ. ಈಗ ಮನೆಗೇ ಬಂದ್ರಾ? ಸತ್ತವನು ಸತ್ತ ಅಂತ ನಿಮಗೆ ಎಷ್ಟು ಸಲ ಹೇಳಬೇಕು ಮಾರಾಯ್ರೆ?"

ರಾಚವ್ವನವರು ಹೊಸ್ತಿಲಿಗೆ ಕೈಯಿಟ್ಟು ನಮಸ್ಕರಿಸಿದರು. ತಪ್ಪು ತಮ್ಮದೆಂದು ಹೇಳಿದರು. ಅವರ ವಿಜಾಪುರ ಕಡೆಯ ಕನ್ನಡ ಅಕ್ಕುವಿಗೆ ಎಷ್ಟು ತಿಳಿಯಿತೋ. ಅವಳು ಬಾಗಿಲು ಹಾಕಿಕೊಂಡಳು.  ಮರಳುವಾಗ ಗಾಡಿಯಲ್ಲಿ ನೀಲಕಂಠಪ್ಪನವರು ತೊಡೆಯ ಮೇಲೆ ಪುಸ್ತಕವನ್ನಿಟ್ಟುಕೊಂಡು, ನೆರೆಯವರು ಹೇಳಿದ ಸಾವಿನ ತಾರೀಖನ್ನು ಬರೆದರು.

ದೂರದ ಊರುಗಳ ಒಂಬತ್ತು ಮನೆಗಳ ವಿಷಯವನ್ನು ಅಲ್ಲಿನ ಶಾಲಾ ಮಾಸ್ತರರಿಗೆ ಬರೆದು ತಿಳಿದುಕೊಂಡರು. ಉತ್ತರ ಬಾರದ ಇಪ್ಪತ್ತೊಂದರಲ್ಲಿ ಹದಿನೇಳು ಜನ ತೀರಿಕೊಂಡಿದ್ದರು, ಇಬ್ಬರು ಬದುಕಿದ್ದರು, ಇಬ್ಬರ ಪತ್ತೆಯಾಗಲಿಲ್ಲ. ನಲವತ್ತನಾಲ್ಕರಲ್ಲಿ ಬದುಕಿರುವವರು ಮೂವತ್ತೈದಲ್ಲ, ಹದಿನಾರು.

ಡಾಕ್ಟರ್ ಸಂಝಗಿರಿಯವರು ಆ ಹಾಳೆಯನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರೆಂದೂ, "ಮೊದಲು ನನ್ನ ಹೆಸರಿನಲ್ಲೇ ತಿದ್ದುಪಡಿ ಹೋಗಲಿ" ಎಂದರೆಂದೂ ಇಲ್ಲಿ ದಾಖಲಿಸಬೇಕು. ಆದರೆ ಸಮಿತಿ ಅದನ್ನು ಒಪ್ಪಲು ಏಪ್ರಿಲ್ ಐದು ಬರಬೇಕಾಯಿತು. ಅಷ್ಟರಲ್ಲಿ ಛಾಪಿಸಿದ ವರದಿಯ ಅಂಕಿಯನ್ನು ನಂಬಿ ಇನ್ನೂ ಐವರು ಒಪ್ಪಿಗೆ ಕೊಟ್ಟಿದ್ದರು. ಅವರ ಹೆಸರುಗಳನ್ನು ನೀಲಕಂಠಪ್ಪನವರು ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದಾರೆ. ಸಭೆಯಲ್ಲಿ ಹಿರಿಯ ಶಸ್ತ್ರವೈದ್ಯರೊಬ್ಬರು ಅವರನ್ನು ನೇರವಾಗಿ ಕೇಳಿದರು. "ಮೂವರಲ್ಲಿ ಒಬ್ಬ ಉಳಿಯುತ್ತಾನೆ ಎಂದು ಹೇಳಿದರೆ ಯಾರು ಮೇಜು ಹತ್ತುತ್ತಾರೆ? ಹತ್ತದೆ ಮನೆಗೆ ಹೋಗಿ ಸಾಯುವವರ ಲೆಕ್ಕ ಯಾರು ಇಡುತ್ತಾರೆ, ಹಂಜಗಿ?"

ಅದು ಸಿಟ್ಟಿನ ಮಾತಾದರೂ ಸುಳ್ಳಿನ ಮಾತಾಗಿರಲಿಲ್ಲ. ತಿದ್ದಿದ ಅಂಕಿ ಪ್ರಕಟವಾಯಿತು. ಕಾರ್ಡಿನಲ್ಲಿ ಐದನೆಯ ಪ್ರಶ್ನೆ ಬಂತು, ವಿಳಾಸ ಅಂಚೆಪೆಟ್ಟಿಗೆಯದಾಯಿತು. ಆ ವರ್ಷ ಶಸ್ತ್ರಚಿಕಿತ್ಸೆಗಳು ನಲವತ್ತನಾಲ್ಕರಿಂದ ಇಪ್ಪತ್ತೇಳಕ್ಕೆ ಇಳಿದವು. ನಿಜವಾದ ಲೆಕ್ಕವನ್ನು ಕೇಳಿ, ಯೋಚಿಸಿ, ಮನೆಗೆ ಮರಳಿದವರು ಹತ್ತೊಂಬತ್ತು ಜನ. ಸುಳ್ಳು ಅಂಕಿಯಿಂದ ಗದಿಗೆಪ್ಪನೂ ಆ ಐವರೂ ಮೇಜು ಹತ್ತಿದ್ದರೆ, ನಿಜವಾದ ಅಂಕಿಯಿಂದ ಇವರು ಹಿಂದೆ ಸರಿದಿದ್ದರು. ಯಾವುದು ಹೆಚ್ಚಿನ ಕೇಡೆಂಬುದನ್ನು ತೂಗಲು ನೀಲಕಂಠಪ್ಪನವರ ಬಳಿ ಅಳತೆಯಿರಲಿಲ್ಲ. ಆ ಚಳಿಗಾಲದಲ್ಲಿ ಅವರು ಬಹಳ ಇಳಿದುಹೋದರು. ಊಟದ ಡಬ್ಬಿ ಹಾಗೆಯೇ ಮನೆಗೆ ಮರಳುತ್ತಿತ್ತು.

ನಿವೃತ್ತಿಯ ಕಾಣಿಕೆಯಾಗಿ ಏನು ಬೇಕೆಂದು ಮಂಡಲ ವಿಚಾರಿಸಿದಾಗ, ಅವರು ಆ ಹತ್ತೊಂಬತ್ತು ಜನರ ವಿಳಾಸಗಳನ್ನು ಮಾತ್ರ ಕೇಳಿದರು. ಗಂಗುಬಾಯಿಯ ಪ್ರಶ್ನೆಗೆ ಉತ್ತರವಿರುವುದು ಕೊಯ್ಯಿಸದೆ ಹೋದವರ ಮನೆಗಳಲ್ಲಿ ಎಂಬುದು ಅವರ ತರ್ಕ. ಈಗಾಗಲೇ ಹನ್ನೆರಡು ಜನರ ವಿಷಯ ತಿಳಿದಿದೆ. ಒಂಬತ್ತು ಜನ ಇಲ್ಲ. ಮೂವರಿದ್ದಾರೆ, ಅವರಲ್ಲೊಬ್ಬನಿಗೆ ಕಣ್ಣಿಲ್ಲ. ಏಳು ಜನರ ವಿಷಯ ತಿಳಿಯಬೇಕು. ಗಂಗುಬಾಯಿಗೆ ಇಷ್ಟನ್ನಾದರೂ ತಿಳಿಸಬಾರದೇ ಎಂದು ರಾಚವ್ವನವರು ಕೇಳಿದರೆ, "ಅರ್ಧಾ ಲೆಕ್ಕ ಒಮ್ಮೆ ಹೇಳೇನಿ. ಸಾಕು," ಎನ್ನುತ್ತಾರೆ.

ಶ್ರೀ ನೀಲಕಂಠಪ್ಪ ಹಂಜಗಿಯವರಿಗೆ ಆಯುಷ್ಯವೂ ನಡೆಯುವ ಕಾಲುಗಳೂ ಇರಲಿ. ಶ್ರೀಮತಿ ರಾಚವ್ವನವರು ಅವರ ಜೊತೆಗೆ ಇರಲಿ. ಅವರ ಕೈಯಲ್ಲಿರುವ ಕೆಲಸ ಬೇಗ ಮುಗಿಯಲೆಂದು ಮಾತ್ರ ಹಾರೈಸುವಂತಿಲ್ಲ. ಆ ಪಟ್ಟಿಯಲ್ಲಿ ಉಳಿದಿರುವ ಪ್ರತಿಯೊಂದು ಹೆಸರಿನ ಮುಂದೆ ಒಂದು ಸಾವಿನ ತಾರೀಖು ಬಿದ್ದಾಗ ಮಾತ್ರ ಅದು ಮುಗಿಯುವ ಕೆಲಸ. ಹಿಂದಿನ ಅಂಕಿಗಳನ್ನು ನೋಡಿದರೆ ಅದಕ್ಕೆ ಹೆಚ್ಚು ಕಾಲ ಬೇಕಾಗದು. ಆದರೂ ಅವರು ವರ್ಷ ವರ್ಷವೂ ಆ ಮನೆಗಳ ಬಾಗಿಲಿಗೆ ಹೋಗುವಂತಾಗಲಿ, ಒಳಗಿನಿಂದ ರೋಗಿಯೇ ಎದ್ದು ಬಂದು, "ಮತ್ತ ಬಂದ್ರೇನ್ರಿ?" ಎಂದು ಬೇಸರದಿಂದ ಕೇಳುವಂತಾಗಲಿ.