ಮಡ್‌ಗಾರ್ಡಿನೊಳಗೆ ಮುಷ್ಟಿ

ಎಂಬತ್ತರ ದಶಕದಲ್ಲಿ ನಾನು ಮಾನ್ವಿ, ದೇವದುರ್ಗದ ಹಳ್ಳಿಗಳನ್ನು ಸುತ್ತಿ ಹತ್ತಿಬೀಜ ಮಾರುತ್ತಿದ್ದೆ. ಬಸ್ಸು ಕಾದು ಸಾಕಾಗಿ, ಗಾಡಿ ಕೊಳ್ಳುವುದೆಂದು ನಿಶ್ಚಯಿಸಿದೆ.

"ಸ್ಕೂಟರ್ ತಗೋಲೇ, ಮುಂದ ಚೀಲ ಇಡಾಕ ಬರ್ತದ" ಎಂದು ಅಣ್ಣ ತನ್ನ ಹೊಸ ಸ್ಕೂಟರನ್ನೇ ತೋರಿಸಿದ. ನನಗೆ ಆ ಡಬ್ಬಿ ಕಂಡರಾಗದು.

ರಾಯಚೂರಿನಲ್ಲಿ ಹಳೇ ಗಾಡಿ ಮಾರುವವನು, "ಆವಾಜ್ ಕೇಳ್ರಿ ಸಾಹೇಬ್ರ" ಎಂದು ಒಂದೊಂದನ್ನೇ ಚಾಲೂ ಮಾಡಿದ. ಮಳೆ ಬಿದ್ದರೆ ಚಕ್ರಕ್ಕೆ ಅಂಟುವ ಎರೆಮಣ್ಣಿನ ದಾರಿ ಬಲ್ಲವನಿಗೆ ಆವಾಜು ಯಾಕೆ? ನಾನು ಪ್ರತಿ ಗಾಡಿಯ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮುಷ್ಟಿ ತೂರಿಸಿ ನೋಡಿದೆ. ಸಲೀಸಾಗಿ ಹೋದದ್ದು ಒಂದು ಕೆಂಪು ಮೋಟಾರ್ ಸೈಕಲ್ಲಿನಲ್ಲಿ ಮಾತ್ರ. ಟ್ಯಾಂಕು ನೆಗ್ಗಿದ್ದರಿಂದ ಅದರ ಬೆಲೆ ನನ್ನ ಕೈಗೆಟುಕಿತು. ಮಾನ್ವಿ ರಸ್ತೆಯಲ್ಲಿ ಅದು ಹಾರಿದ ದಿನ ನಾನು ಅರಸನಾದೆ. ಅಣ್ಣ ಮಾತ್ರ ನೆಗ್ಗಿದ ಟ್ಯಾಂಕು ನೋಡಿ ನಕ್ಕ.

ಮಳೆಯಾದ ಮರುದಿನ ಗಬ್ಬೂರಿನಾಚೆ ಮದುವೆಯೊಂದಕ್ಕೆ ಇಬ್ಬರೂ ನಮ್ಮ ನಮ್ಮ ಗಾಡಿಯಲ್ಲಿ ಹೊರಟೆವು. ಎರೆಮಣ್ಣು ಮೆತ್ತಿ, ಮಡ್‌ಗಾರ್ಡಿನೊಳಗೆಲ್ಲ ತುಂಬಿ, ಅಣ್ಣನ ಸ್ಕೂಟರು ಮೊಂಡೆತ್ತಿನಂತೆ ನಿಂತುಬಿಟ್ಟಿತು. ಅಣ್ಣ ಕಡ್ಡಿಯಿಂದ ಕೆದರುತ್ತ ಕೂತ. ನನ್ನದು ಮಣ್ಣು ಉಗುಳುತ್ತ ಮುಂದೆ ಹೋಯಿತು. ತಿರುಗಿಸಿಕೊಂಡು ಬಂದು ಅವನ ಪಕ್ಕದಲ್ಲೇ ನಿಲ್ಲಿಸಿದೆ. ಅವನು ಚಪ್ಪಲಿ ಕೈಯಲ್ಲಿ ಹಿಡಿದು ಎದ್ದು ನಿಂತ.

"ಹತ್ತು ಬಾ ಅಣ್ಣಾ," ಎಂದೆ. "ನನ್ನ ಗಾಡ್ಯಾಗ ಚೀಲ ಹಿಂದ ಕುಂದರ್ತದ!"